ಎರಡನೇ ನಂಬರಿನ ದುರ್ಬೀನು

ಕಳೆದ ರವಿವಾರ ಕಪಾಟಿನ ಮೇಲಿನ ಖಾನೆಯಿಂದ ಸ್ಕೋಪಿನ, ಅಂದರೆ ರೈಫಲಿನ ದುರ್ಬೀನಿನ, ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಎಣ್ಣೆಯ ವಾಸನೆಯಲ್ಲ, ರಬ್ಬರಿನದೂ ಅಲ್ಲ... ಲವಂಗದ್ದು. ಗಾಜು ಒರೆಸುವ ಆ ಹಳದಿ ಅರಿವೆಯ ತುಂಡಿನಲ್ಲಿ ನಾಲ್ಕು ವರ್ಷದ ಮೇಲೂ ಲವಂಗದ ವಾಸನೆ ಉಳಿದಿದೆ ಅಂದರೆ ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ. ಮತ್ತೊಮ್ಮೆ ಮೂಗಿಗೆ ಹಿಡಿದು ನೋಡಿದೆ. ಖರೆ, ಅದೇ ವಾಸನೆ.

ಮೂಡಲಗಿಯ ಬಾಡಿಗೆ ಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಮುಂದಿನ ವಾರ ರೈಫಲ್ ಸ್ಪರ್ಧೆ. ಸ್ಕೋಪು ಒರೆಸಬೇಕು, ಬ್ಯಾಗು ತುಂಬಬೇಕು, ನಾನು ಕಲಿಸುವ ಸಾಲಿಗೆ ರಜೆಯ ಅರ್ಜಿ ಬರೆಯಬೇಕು. ಒಂದೂ ಆಗಲಿಲ್ಲ. ಅರಿವೆಯ ಕೆಳಗೆ ನನ್ನ ಸಣ್ಣ ನೋಟ್‌ಬುಕ್ ಇತ್ತು. ಅದನ್ನು ತೆರೆಯುವ ಅಗತ್ಯವೇ ಇಲ್ಲ, ಅದರಲ್ಲಿ ಏನಿದೆ ಎಂಬುದು ನನಗೆ ಬಾಯಿಪಾಠ. ಒಂದು ಮುಂಜಾನೆಯ ಎಂಟು ನಿಮಿಷ ಅದರಲ್ಲಿದೆ. ಆ ಎಂಟು ನಿಮಿಷದಲ್ಲಿ ನಾನು ಒಬ್ಬ ಮನುಷ್ಯನನ್ನು ನೋಡಿದೆ, ನೋಡಿಯೂ ನೋಡಲಿಲ್ಲ.

ಗೋಕಾಕದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಚಷ್ಮಾದ ಕಾಕಾ ಅಂತಲೇ. ಮೂಲ ಹುಕ್ಕೇರಿಯವರು, ಜೈನರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿಸಿ. ಕೆಳಗೆ ಚಷ್ಮಾದ ಅಂಗಡಿ, ಅದರ ಹಿಂದೆ ಕಣ್ಣು ತಪಾಸಣೆ ಮಾಡುವ ಒಂದು ಕತ್ತಲೆ ಖೋಲಿ, ಮೇಲೆ ಮನೆ. ಎಲೆ ಅಡಿಕೆ ಇಲ್ಲ, ಚಹಾ ಸಹ ಇಲ್ಲ. ದವಡೆಯಲ್ಲಿ ಸದಾ ಒಂದು ಲವಂಗ. ಕಣ್ಣಿಗೆ ಗಾಜು ಇಡಲು ಅವರು ಹತ್ತಿರ ಬಂದರೆ ಮೊದಲು ಲವಂಗದ ವಾಸನೆ ಬರುತ್ತಿತ್ತು, ಆಮೇಲೆ ಅವರು.

ಮೊದಲ ಸಲ ಆ ವಾಸನೆ ಮೂಗಿಗೆ ಬಂದಾಗ ನಾನು ಆರನೆಯ ಇಯತ್ತೆಯಲ್ಲಿದ್ದೆ. ಮಮದಾಪುರದಲ್ಲಿ ನಮ್ಮದು ಕುರಿ ಸಾಕುವ, ಹೊಲ ಮಾಡುವ ಮನೆ. ಮಾಸ್ತರರು ನನ್ನನ್ನು ದಡ್ಡಿ ಎಂದು ಹಿಂದಿನ ಸಾಲಿಗೆ ತಳ್ಳಿದ್ದರು, ಅಪ್ಪನೂ ಅದನ್ನು ಒಪ್ಪಿಬಿಟ್ಟಿದ್ದ. ತಲೆನೋವು ಎಂದು ಅತ್ತಾಗ ಒಮ್ಮೆ ಗೋಕಾಕಕ್ಕೆ ಕರೆತಂದ. ಕಾಕಾ ಅರ್ಧ ತಾಸು ಗಾಜು ಬದಲಿಸಿ ಬದಲಿಸಿ ನೋಡಿ, ಅಪ್ಪನ ಕಡೆ ತಿರುಗಿ ಹೇಳಿದರು:

"ಹುಡಿಗಿ ದಡ್ಡಿ ಅಲ್ಲರಿ. ಆಕಿಗೆ ಬೋರ್ಡ ಕಾಣಸವಲ್ದು. ಇಷ್ಟ ದಿನ ಬರೇ ಕಿವೀಲೆ ಸಾಲಿ ಕಲತಾಳ."

ಚಷ್ಮಾ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಇಳಿದಾಗ ಎದುರಿನ ಬೇವಿನ ಗಿಡದ ಎಲೆ ಒಂದೊಂದಾಗಿ ಕಂಡವು. ಅಪ್ಪನ ಮುಖದಲ್ಲಿ ಅಷ್ಟೊಂದು ಗೆರೆ ಇವೆ ಎಂದು ನನಗೆ ಗೊತ್ತಾದದ್ದೇ ಆ ದಿನ. ನನಗೆ ಕಣ್ಣು ಕೊಟ್ಟವರು ಯಾರು ಎಂದು ಕೇಳಿದರೆ ಇವತ್ತಿಗೂ ನಾನು ದೇವರ ಹೆಸರು ಎರಡನೆಯದಾಗಿ ಹೇಳುತ್ತೇನೆ.

ಮುಂದೆ ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದೆ. ದಪ್ಪ ಚಷ್ಮಾದ ಹುಡುಗಿ ಎಂದು ನಕ್ಕವರು ಗುರಿಯ ಕಾಗದ ನೋಡಿ ಬಾಯಿ ಮುಚ್ಚಿದರು. ಮೂಡಲಗಿಯ ಸಾಲಿಯಲ್ಲಿ ಆಟ ಕಲಿಸುವ ನೌಕರಿ ಸಿಕ್ಕ ಮೇಲೂ ಚಟ ಬಿಡಲಿಲ್ಲ. ಒಂದು ಕ್ಲಬ್ಬು ಸೇರಿದೆ. ಅಲ್ಲಿ ದೂರದ ಗುರಿಯ ಸ್ಪರ್ಧೆಗೆ ರೈಫಲ್ ಕ್ಲಬ್ಬಿನದು, ಅಲ್ಲೇ ಬೀಗದೊಳಗೆ ಇರುತ್ತದೆ. ಸ್ಕೋಪು ಮಾತ್ರ ನಮ್ಮದು ನಾವು ತರಬೇಕು. ಗಾಜಿನ ಮಾತು ಬಂದ ಮೇಲೆ ನಾನು ಮತ್ತೆ ಯಾರ ಹತ್ತಿರ ಹೋಗಲಿ?

ಹೋಗಿ ಹೇಳಿದೆ. ಕಾಕಾನ ಮುಖ ಬಾಡಿತು.

"ಬಂದೂಕೇನ ತಂಗಿ?"

"ಕಾಗದಕ್ಕ ಹೊಡಿಯೂದ್ರಿ ಕಾಕಾ. ಕಾಗದಕ್ಕ ಜೀವ ಇರಂಗಿಲ್ಲ."

ಬಹಳ ಹೊತ್ತು ಲವಂಗವನ್ನು ಆ ದವಡೆಯಿಂದ ಈ ದವಡೆಗೆ ಸರಿಸಿದರು. ಇರುವೆ ಸಾಲು ಕಂಡರೆ ದಾಟಿ ಹೋಗುವ ಮನುಷ್ಯ ಅವರು. ಆದರೆ ಗಾಜಿಗೆ ಸೋತ ಜೀವ ಅವರದು. ಕೊನೆಗೆ ಎರಡು ಷರತ್ತು ಹಾಕಿದರು. ಬಂದೂಕು ತಮ್ಮ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂಬುದು ಒಂದು. ಇನ್ನೊಂದನ್ನು ಬೆರಳು ಎತ್ತಿ ಹೇಳಿದರು.

"ದುರ್ಬೀನಿನಾಗ ಅಡ್ಡ-ಉದ್ದ ಗೆರಿ ಇರತಾವಲ್ಲ, ಅವನ್ನ ಜೀವ ಇರೂದರ ಮ್ಯಾಲ ಇಡಬಾರದು. ಹಕ್ಕಿ ಮ್ಯಾಲ ಇಲ್ಲ, ನಾಯಿ ಮ್ಯಾಲ ಇಲ್ಲ, ಮನಷ್ಯಾನ ಮ್ಯಾಲಂತೂ ಇಲ್ಲವ ಇಲ್ಲ. ಕೆಳಗ ಬಂದೂಕ ಇರಲಿ, ಬಿಡಲಿ. ಒಪ್ಪಿದ್ರ ಗಾಜು ನೋಡತೇನಿ."

"ಮಂಗ್ಯಾನ ಮ್ಯಾಲ ನಡೀತೈತೇನ್ರಿ?" ಅಂದೆ. ಕಾಕಾ ನಗಲಿಲ್ಲ. ನಾನೂ ನಗು ನುಂಗಿ, ಆಣೆ ಮಾಡಿದೆ.

ಕ್ಲಬ್ಬಿನವರಿಂದ ನೋಡಿ ವಾಪಸು ಕೊಡುವ ಕರಾರಿನ ಮೇಲೆ ಮೂರು ಸ್ಕೋಪು ತಂದೆ. ಕಾಕಾ ಒಂದೊಂದಕ್ಕೂ ಬಿಳಿ ಚೀಟಿ ಅಂಟಿಸಿ ಒಂದು, ಎರಡು, ಮೂರು ಎಂದು ಬರೆದರು. ಕಂಪನಿ ಹೆಸರಿನ ಮೇಲೂ ಚೀಟಿ ಅಂಟಿಸಿದರು, ಹೆಸರು ಓದಿ ಗಾಜು ಮೆಚ್ಚಬಾರದಂತೆ. ನನಗೋ ಪವರಿನ ಹುಚ್ಚು. ಮೂರನೆಯದು ಅರವತ್ತು ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು. ಎರಡನೆಯದು ಐವತ್ತು, ಒಂದನೆಯದು ನಲವತ್ತು. ನನ್ನ ಲೆಕ್ಕದಲ್ಲಿ ಅರವತ್ತಕ್ಕೇ ಮದುವೆ ನಿಶ್ಚಯ ಆಗಿಹೋಗಿತ್ತು.

"ಪವರ ಏರಿಸಿದಂಗ ಬೆಳಕ ಇಳೀತೈತಿ," ಅಂದರು ಕಾಕಾ. "ಗುರಿಕಿಂತ ಮೊದಲ ಬಿಸಿಲ್ಗುದುರಿ ದೊಡ್ಡದ ಆಕ್ಕೈತಿ. ದೊಡ್ಡದ ಕಾಣೂದು ಬ್ಯಾರೆ, ಚೊಲೋ ಕಾಣೂದು ಬ್ಯಾರೆ."

ಹದಿನೈದು ದಿನ ಸಾಲಿ ಬಿಟ್ಟ ಮೇಲೆ ಬಸ್ಸು ಹಿಡಿದು ಗೋಕಾಕಕ್ಕೆ ಓಡುತ್ತಿದ್ದೆ. ಅವರ ಮಾಳಿಗೆಯ ಮೇಲೆ ಒಂದು ಕಟ್ಟಿಗೆಯ ಸ್ಟ್ಯಾಂಡು, ಅದಕ್ಕೆ ಸ್ಕೋಪು. ತಲೆ ಅತ್ತಿತ್ತ ಸರಿಸಿದರೂ ಗೆರೆ ಗುರಿಯ ಮೇಲಿಂದ ಜಾರಬಾರದು. ತಿರುಪು ಹತ್ತು ಸಲ ಕಟಕಟ ಎಂದು ಮೇಲೆ ತಿರುಗಿಸಿ ಹತ್ತು ಸಲ ಕೆಳಗೆ ತಿರುಗಿಸಿದರೆ ಗೆರೆ ಹೊರಟಲ್ಲಿಗೇ ವಾಪಸು ಬರಬೇಕು. ಮುಖ್ಯ ಪರೀಕ್ಷೆ ಅಂಚಿನದು. "ಅಗ್ಗದ ಗಾಜು ನಡಕ ಚೊಲೋ ಇರತೈತಿ, ಅಂಚಿನಾಗ ಸುಳ್ಳ ಹೇಳತೈತಿ" ಅನ್ನುತ್ತಿದ್ದರು.

ಒಂದು ಸಂಜೆ ಗುಡ್ಡದ ಮೇಲಿನ ಕರೆಂಟ್ ಕಂಬ ನೋಡುತ್ತಿದ್ದೆ. ಕಂಬ ನೀರಿನಲ್ಲಿ ನಿಂತ ಹಾಗೆ ಅಲುಗುತ್ತಿತ್ತು. ಗಾಜಿನ ದೋಷವೋ ಬಿಸಿಲಿನದೋ ತಿಳಿಯದೆ ಕೇಳಿದೆ. ಕಾಕಾ ನನ್ನನ್ನು ಸರಿಸಿ, ತಾವು ಇಣುಕಿ ಹೇಳಿದರು. "ಬಾಜೂಕಿಂದು ನೋಡಬೇಕು ತಂಗಿ. ಬಾಜೂಕಿಂದೂ ಅಲುಗಿದ್ರ ಅದು ಬಿಸಿಲಿನ ಆಟ. ಅದೊಂದ ಅಲುಗಿದ್ರ... ಅದಕ್ಕ ಏನೋ ಆಗೇತಿ ಅಂತ ತಿಳಕೋ."

ಈ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಡಿಗೆರೆಯನ್ನೂ ಎಳೆದೆ.

ಮಾಳಿಗೆಯ ಮೇಲಿನ ಪರೀಕ್ಷೆ ಸಾಲದು, ಆರುನೂರು ಮೀಟರ್ ಬಯಲು ಬೇಕು ಎಂದವಳು ನಾನು. ಮಮದಾಪುರದಲ್ಲಿ ನಮ್ಮ ಬಾವಿಯ ಕಟ್ಟೆಯಿಂದ ಕಡಲೆ ಕಿತ್ತ ಹೊಲಗಳನ್ನು ದಾಟಿ ಆಚೆಯ ಬದುವಿನ ತನಕ ಹಗ್ಗ ಹಿಡಿದು ಅಳೆದರೆ ಸರಿಯಾಗಿ ಅಷ್ಟೇ ದೂರ. ಕಾಕಾ ಖುಷಿಯಿಂದ ಲೆಕ್ಕ ಹಾಕಿದರು: ಐವತ್ತು ಪಟ್ಟಿನಲ್ಲಿ ಆರುನೂರು ಮೀಟರು ಬರೀ ಹನ್ನೆರಡು ಮೀಟರಾಗಿ ಕಣ್ಣ ಮುಂದೆ ಬರುತ್ತದೆ, ಅಂದರೆ ಅಂಗಡಿಯ ಅಕ್ಷರದ ಪಟ್ಟಿಯನ್ನೇ ಅಲ್ಲಿ ತೂಗಹಾಕಿ ಓದಿಸಬಹುದು. ಒಂದೇ ಪಟ್ಟಿ ಇದ್ದರೆ ನಾನು ನೆನಪಿನಿಂದ ಓದುತ್ತೇನೆಂದು ಮೂರು ಬೇರೆ ಬೇರೆ ಪಟ್ಟಿ ಕೈಯಿಂದ ಬರೆದರು. ಪಟ್ಟಿಯ ಬಾಜೂ ತಾವೇ ನಿಂತು, ಒಂದೊಂದು ಸ್ಕೋಪಿಗೆ ಒಂದೊಂದು ಪಟ್ಟಿ ಬದಲಿಸುವುದು ಎಂದಾಯಿತು.

ಸೋಮವಾರ ಸ್ಕೋಪು ವಾಪಸು ಕೊಡಬೇಕಿತ್ತು. ಉಳಿದದ್ದು ರವಿವಾರ ಒಂದೇ, ಅದು ಚತುರ್ದಶಿ. ಆ ದಿನ ಕಾಕಾ ನೀರೂ ಮುಟ್ಟದ ಉಪವಾಸ ಹಿಡಿಯುತ್ತಿದ್ದರು, ಮಧ್ಯಾಹ್ನದ ತನಕ ಮೌನ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ.

"ಬರಾಕ ಏನ್ ಅಡ್ಡಿ? ಮಾತಾಡಂಗಿಲ್ಲ, ಅಷ್ಟ," ಅಂದರು. ಫೋನೂ ತರುವುದಿಲ್ಲ ಎಂದು, ಹಿಂದಿನ ದಿನವೇ ಸನ್ನೆ ಗೊತ್ತು ಮಾಡಿದರು. ಒಂದು ಕೈ ಎತ್ತಿದರೆ, ಎಲ್ಲ ಸರಿ ಇದೆ, ಮುಂದುವರಿ ಎಂದು. ಎರಡೂ ಕೈ ಎತ್ತಿದರೆ, ಸಾಕು, ನಿಲ್ಲಿಸು, ಬಾ ಎಂದು.

ಆ ಮುಂಜಾನೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಬಾವಿಯ ಕಟ್ಟೆಯ ಮೇಲೆ ನಾನು ಬೋರಲು ಮಲಗಿದ್ದೆ. ಆರುನೂರು ಮೀಟರ್ ಆಚೆ ಒಂದು ಕಂಬ, ಅದಕ್ಕೆ ಪಟ್ಟಿ, ಅದರ ಎಡಕ್ಕೆ ಬಿಳಿ ಟೊಪ್ಪಿಗೆ, ಬಿಳಿ ಅಂಗಿಯ ಕಾಕಾ. ಗೆರೆ ಪಟ್ಟಿಯ ಮೇಲೆ ಇಟ್ಟೆ. ಕಾಕಾ ಗಾಜಿನ ಎಡ ಅಂಚಿನಲ್ಲಿ ಇದ್ದರು. ಕೊಟ್ಟ ಮಾತಿನಂತೆ ಅವರ ಕಡೆ ಸ್ಕೋಪು ತಿರುಗಿಸಲೇ ಇಲ್ಲ.

ಒಂದನೆಯ ಸ್ಕೋಪಿನಲ್ಲಿ ನಾಲ್ಕು ಸಾಲು ಓದಿದೆ. ಕಾಕಾ ಪಟ್ಟಿ ಬದಲಿಸಿ, ಒಂದು ಕೈ ಎತ್ತಿದರು. ಎರಡನೆಯದು ಹಾಕಿದೆ. ಆಹಾ, ಎಂಥ ಗಾಜು! ಐದನೆಯ ಸಾಲೂ ಕೆತ್ತಿದ ಹಾಗೆ ಕಂಡಿತು. ಕಂಬ ನೆಟ್ಟಗಿತ್ತು. ಆದರೆ ಎಡ ಅಂಚಿನಲ್ಲಿ ಕಾಕಾ ಅಲುಗುತ್ತಿದ್ದರು. ಅತ್ತ ಇತ್ತ, ಸಾವಕಾಶ, ಹೊಳೆಯಲ್ಲಿ ನಿಂತವರ ಹಾಗೆ. ಅಂಚಿನ ಗಾಜು ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಎಷ್ಟು ಜಾಣೆ ನೋಡಿ ನಾನು! ಗಡಿಯಾರ ನೋಡಿ ಹೊತ್ತು ಬರೆದು, ಅದರ ಕೆಳಗೆ ಬರೆದೆ: "ನಂಬರ್ ಎರಡು. ನಡುವೆ ಬಹಳ ಚೊಲೋ. ಕಂಬ ಸ್ಥಿರ. ಎಡ ಅಂಚು ಅಲುಗುತ್ತದೆ. ಅಂಚಿನ ಗಾಜು ಸರಿ ಇಲ್ಲ. ಬೇಡ."

ಮತ್ತೆ ಕಣ್ಣಿಟ್ಟೆ. ಕಾಕಾ ಒಂದು ಕೈ ಎತ್ತಿದ್ದರು. ಪಟ್ಟಿ ಬದಲಿಸಿರಲಿಲ್ಲ. ಉಪವಾಸದಲ್ಲಿ ಮರೆತಿರಬೇಕು ಎಂದು ಮನಸ್ಸಿನಲ್ಲೇ ನಕ್ಕೆ. ಎಲ್ಲ ಸರಿ ಇದೆ, ಮುಂದುವರಿ... ಮುಂದುವರಿದೆ. ಎರಡನೆಯದನ್ನು ಬಿಚ್ಚಿ, ಅರಿವೆಯಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟೆ. ಮೂರನೆಯದನ್ನು ಕೂರಿಸಿ, ತಿರುಪು ಬಿಗಿದು, ನಿಧಾನಕ್ಕೆ ಗಾಜು ಹದ ಮಾಡಿದೆ. ಅಂಚು ಖಾಲಿ ಇತ್ತು. ನೆರಳಿಗೆ ಹೋಗಿರಬೇಕು ಎಂದುಕೊಂಡು ಹಳೆಯ ಪಟ್ಟಿಯನ್ನೇ ಮೂರು ಸಾಲು ಓದಿದೆ. ನಾಲ್ಕನೆಯ ಸಾಲಿಗೆ ಗೆರೆ ಇಳಿಸಿದಾಗ ಕಂಬದ ಬುಡದಲ್ಲಿ ಬಿಳಿ ಟೊಪ್ಪಿಗೆ ಕಂಡಿತು. ಅಲ್ಲಿ ನೆರಳೇ ಇರಲಿಲ್ಲ.

ಓಡಿದೆ. ಹನ್ನೆರಡು ಮೀಟರ್ ಎಂದು ಕಾಕಾ ಲೆಕ್ಕ ಹಾಕಿದ ಆ ದೂರ ಓಡುವ ಕಾಲಿಗೆ ಆರುನೂರು ಮೀಟರೇ ಇತ್ತು. ಹೆಂಟೆ ಮೇಲೆ ಎಡವುತ್ತ, ಆಂಬುಲೆನ್ಸಿಗೆ ಫೋನ್ ಮಾಡುತ್ತ, ಬಾಜೂ ಹೊಲದವರನ್ನು ಕೂಗುತ್ತ ಓಡಿದೆ. ಕಾಕಾ ಎಡ ಮಗ್ಗುಲಿಗೆ ಬಿದ್ದಿದ್ದರು. ಕಣ್ಣು ತೆರೆದಿದ್ದವು, ನನ್ನನ್ನು ಗುರುತಿಸಿದವು. ನೀರಿನ ಬಾಟಲಿ ತುಟಿಗೆ ಹಿಡಿದೆ. ಬಾಯಿ ಬಿಡಲಿಲ್ಲ. ಬಾಯಿ ತಿರುಗದ್ದಕ್ಕೋ, ವ್ರತಕ್ಕೋ... ಇವತ್ತಿಗೂ ಗೊತ್ತಿಲ್ಲ.

ಗೋಕಾಕದಿಂದ ಬೆಳಗಾವಿಗೆ ಒಯ್ದರು. ಲಕ್ವಾ ಎಂದರು. ಎಡಗೈ, ಎಡಗಾಲು ಹೋದವು. ನಾಲಿಗೆ ತೊದಲಿತು. ಇನ್ನೂ ಜಲ್ದಿ ತಂದಿದ್ದರೆ ಎಂದು ಡಾಕ್ಟರು ಏನೋ ಹೇಳಹೊರಟು, ನನ್ನ ಮುಖ ನೋಡಿ ಚೀಟಿ ಬರೆಯತೊಡಗಿದರು. ಕಾಕು ಮಾತ್ರ, ಅಂದರೆ ಕಾಕಾನ ಹೆಂಡತಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಗದ್ದ ಹಿಡಿದು, "ನೀ ಇದ್ದಿ ಅಂತ ಅವರ ಜೀವ ಉಳೀತವಾ" ಎಂದು ಅತ್ತರು. ಬಂದ ಬಂದ ಬೀಗರಿಗೆಲ್ಲ ಹೇಳಿದರು, ಈ ಹುಡುಗಿ ಹೊಲ ಹಾರಿ ಓಡಿ ಬಂದಳು, ಅವರನ್ನು ಉಳಿಸಿದಳು ಎಂದು. ಥೂ, ಆ ಹೊಗಳಿಕೆಯನ್ನು ನಾನು ತೆಗೆದುಕೊಂಡೆ. ಬಾಯಿ ಇದ್ದೂ ಹೇಳಲಿಲ್ಲ.

ಆಗ ನನಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಅಲುಗಿದ್ದು ಗಾಜಲ್ಲ, ಅವರು ಎಂದು ಗೊತ್ತಿತ್ತು. ಉಳಿದ ಅರ್ಧ ಎರಡು ತಿಂಗಳ ಮೇಲೆ ಗೊತ್ತಾಯಿತು. ಅಂಗಡಿಯ ಮೇಲಿನ ಮನೆಯಲ್ಲಿ ಅವರನ್ನು ದಿಂಬಿಗೆ ಒರಗಿಸಿದ್ದರು. ಕಾಕು ದಿನಾ ಕಸರತ್ತು ಮಾಡಿಸುತ್ತಿದ್ದರು. "ಎರಡೂ ಕೈ ಎತ್ರಿ ನೋಡೂಣು," ಅಂದರು. ಕಾಕಾ ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಎರಡೂ ಕೈ ಎತ್ತಿದರು.

ಒಂದೇ ಕೈ ಮೇಲೆ ಬಂತು.

ನನ್ನ ಕೈಯಲ್ಲಿದ್ದ ನೀರಿನ ತಂಬಿಗೆ ಜಾರಿತು. "ಏನಾತವಾ?" ಎಂದು ಕಾಕು ಅರಿವೆ ತರಲು ಒಳಗೆ ಹೋದರು. ಅವತ್ತು ಕಂಬದ ಬಾಜೂ ನಿಂತು ಈ ಮನುಷ್ಯ ಇದೇ ರೀತಿ ಇದ್ದ ಬಲವನ್ನೆಲ್ಲ ಹಾಕಿ, ಸಾಕು, ನಿಲ್ಲಿಸು, ಬಾ ಎಂದಿದ್ದರು. ನಾನು ಅದನ್ನು ಎಲ್ಲ ಸರಿ ಇದೆ ಎಂದು ಓದಿಕೊಂಡು ಸ್ಕೋಪು ಒರೆಸುತ್ತ ಕೂತಿದ್ದೆ.

ವಾರದ ಮೇಲೆ ನೋಟ್‌ಬುಕ್ ಒಯ್ದೆ. ಕಾಕು ಅಡಿಗೆಮನೆಯಲ್ಲಿದ್ದರು. ಆ ಪುಟ ತೆರೆದು ಅವರ ತೊಡೆಯ ಮೇಲಿಟ್ಟೆ. ಹೊತ್ತು ತೋರಿಸಿದೆ. ಇದನ್ನ ಬರೆದಾಗಿನಿಂದ ಆಂಬುಲೆನ್ಸಿಗೆ ಫೋನ್ ಮಾಡೋ ತನಕ ಎಂಟು ನಿಮಿಷ, ಎಂದೆ. ನೀವು ಅಲುಗೋದನ್ನ ನೋಡಿದೆ, ಎಂದೆ. ಅಳುತ್ತ ಕೇಳಿದೆ, "ಕಾಕಾ, ನೀವು ಎರಡೂ ಕೈ ಎತ್ತಿದ್ರೇನ್ರಿ?"

ಕಾಕಾ ಚಷ್ಮಾ ಮೂಗಿನ ಮೇಲೆ ಸರಿಸಿಕೊಂಡು ಆ ಪುಟ ಓದಿದರು, ಎರಡೆರಡು ಸಲ ಓದಿದರು. ಬೆರಳು ಆಡಿಸಿ ಪೆನ್ಸಿಲ್ ಕೇಳಿದರು. "ಅಂಚಿನ ಗಾಜು ಸರಿ ಇಲ್ಲ. ಬೇಡ" ಎಂಬ ಸಾಲಿನ ಮೇಲೆ ಬಲಗೈಯಿಂದ ಒಂದು ಗೆರೆ ಎಳೆದರು. ನಡುಗುವ ಅಕ್ಷರದಲ್ಲಿ ಕೆಳಗೆ ಬರೆದರು: "ಗಾಜು ಸರಿ ಐತಿ."

ಅಷ್ಟೇ. ನನಗೆ ಒಂದು ಏಟು ಬೇಕಿತ್ತು, ಇಲ್ಲವೇ ತಲೆ ಮೇಲೆ ಒಂದು ಕೈ ಬೇಕಿತ್ತು. ಅವರು ಕೊಟ್ಟದ್ದು ಪರೀಕ್ಷೆಯ ಫಲಿತಾಂಶ. ನೀನು ನೋಡಿದ್ದು ಖರೆ ಇತ್ತು ಎಂದರೋ, ಹೋಗಲಿ ಬಿಡು, ಅದನ್ನೇ ಕೊಳ್ಳು ಎಂದರೋ... ಎಷ್ಟು ಸಲ ಓದಿದರೂ ಆ ಸಾಲು ಅಷ್ಟೇ ಹೇಳುತ್ತದೆ.

ಕಾಕು ಕೈ ಒರೆಸಿಕೊಳ್ಳುತ್ತ ಬಂದರು. "ಏನ್ ಬರದ್ರವಾ?"

"ದುರ್ಬೀನಿನ ಗಾಜು ಸರಿ ಐತಂತ್ರಿ."

"ಅಯ್ಯ ಇವರ! ಇಲ್ಲಿ ಕೈ ಕಾಲು ಬಿದ್ದಾವ, ಇವರಿಗೆ ಇನ್ನೂ ಗಾಜಿಂದ ಚಿಂತಿ," ಎಂದು ಕಾಕು ನಕ್ಕರು. ಅವರು ಬಿದ್ದ ಮೇಲೆ ಕಾಕು ನಕ್ಕದ್ದು ಅದೇ ಮೊದಲ ಸಲ. ಆ ನಗುವಿನ ಮುಂದೆ ನಾನು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಆ ವರ್ಷದ ಸ್ಪರ್ಧೆಗೆ ನಾನು ಹೋಗಲಿಲ್ಲ. ಕ್ಲಬ್ಬಿಗೆ ಹೋಗಿ ಎರಡನೆಯ ನಂಬರಿನ ಸ್ಕೋಪನ್ನೇ ಕೊಂಡೆ. ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಅಂಗಡಿ ಮುಚ್ಚಿತು, ಕಾಕು ಹುಕ್ಕೇರಿಗೆ ತಂಗಿಯ ಮನೆಗೆ ಹೋದರು. ಹೋಗುವಾಗ ಈ ಹಳದಿ ಅರಿವೆ ನನ್ನ ಕೈಗೆ ಕೊಟ್ಟರು. ಈಗಲೂ ನಾನು ಹೋದಾಗಲೆಲ್ಲ ಕಾಕು ಮಂದಿಗೆ ನನ್ನ ಗುರುತು ಹೇಳುವುದು ಅದೇ ಮಾತಿನಿಂದ: ನಮ್ಮವರ ಜೀವ ಉಳಿಸಿದ ಹುಡುಗಿ. ಆ ಮಾತು ಕೇಳಿದ ದಿನ ನನಗೆ ಊಟ ಇಳಿಯುವುದಿಲ್ಲ. ಕ್ಲಬ್ಬಿನ ರೇಂಜಿನಲ್ಲೂ ಗುಂಡು ಬಿಡುವ ಮುಂಚೆ ನನ್ನ ಕಣ್ಣು ತಾನಾಗಿ ಎಡ ಅಂಚಿಗೆ ಹೋಗಿ ಬರುತ್ತದೆ. ಜೊತೆಯವರು ಅದನ್ನು ನನ್ನ ಚಟ ಎಂದು ತಮಾಷೆ ಮಾಡುತ್ತಾರೆ.

ರವಿವಾರ ನೆಲದ ಮೇಲಿಂದ ಎದ್ದ ಕೂಡಲೇ ಕಾಕುಗೆ ಫೋನ್ ಮಾಡಿದೆ. "ಬರ್ತೇನ್ರಿ ಕಾಕು. ನಿಮಗೊಂದು ಪುಟ ಓದಿ ಹೇಳೂದೈತಿ. ನಾಲ್ಕ ವರ್ಷದ ಹಿಂದನ ಹೇಳಬೇಕಾಗಿತ್ತು."

"ಬಾರವಾ, ಹೇಳಾಕ ಏನ್ ಮುಹೂರ್ತ ಬೇಕ?" ಅಂದರು.

ಇವತ್ತು ಹುಕ್ಕೇರಿಗೆ ಹೊರಟಿದ್ದೇನೆ. ಚೀಲದಲ್ಲಿ ನೋಟ್‌ಬುಕ್ ಇದೆ, ಸ್ಕೋಪೂ ಇದೆ. ದಾರಿ ಬಿಟ್ಟು ಮೊದಲು ಮಮದಾಪುರದ ಹೊಲಕ್ಕೆ ಬಂದೆ. ಈ ಸಲವೂ ಕಡಲೆ ಕಿತ್ತಿದ್ದಾರೆ. ಕಂಬ ಇನ್ನೂ ಅಲ್ಲೇ ಇದೆ, ಅಪ್ಪ ಅದನ್ನು ಯಾಕೋ ಕೀಳಲಿಲ್ಲ. ಬಾವಿಯ ಕಟ್ಟೆಯ ಮೇಲೆ ಸ್ಟ್ಯಾಂಡು ಹೂಡಿ, ಅರಿವೆಯಿಂದ ಗಾಜು ಒರೆಸಿ, ಐವತ್ತಕ್ಕೆ ಏರಿಸಿ, ಬೋರಲು ಮಲಗಿದೆ. ಕಂಬ ಸ್ವಲ್ಪ ಅಲುಗುತ್ತಿತ್ತು. ಬಾಜೂಕಿನ ಬದುವೂ ಅಲುಗುತ್ತಿತ್ತು. ಬರೀ ಬಿಸಿಲು.

ಜೀವ ಇರುವುದರ ಮೇಲೆ ಗೆರೆ ಇಡಬಾರದು ಎಂದಿದ್ದರು. ಕಂಬದ ಎಡಕ್ಕೆ, ಅವರು ನಿಂತಿದ್ದ ಜಾಗಕ್ಕೆ, ಆ ದಿನ ತಿರುಗಿಸದ ಸ್ಕೋಪನ್ನು ಈಗ ಮೆಲ್ಲಗೆ ತಿರುಗಿಸಿದೆ. ಅಲ್ಲೀಗ ಜೀವ ಇಲ್ಲ. ಗೆರೆ ಇಟ್ಟೆ. ಮಣ್ಣಿನ ಒಂದೊಂದು ಹೆಂಟೆಯೂ ಕಾಣುತ್ತಿತ್ತು, ಅಂಚಿನ ತನಕ.

ಗಾಜು ಸರಿ ಐತ್ರಿ, ಕಾಕಾ.